ಶುಂಠಿ-ಬೆಳ್ಳುಳ್ಳಿ ಪೇಸ್ಟ್: ಹಸಿರಾದರೆ ಹೆದರಬೇಡಿ, ಎಣ್ಣೆ ಮುಚ್ಚಿ ಹೊರಗಿಡಬೇಡಿ

ಪ್ರಶ್ನೆ: ತಿಂಗಳಿಗೊಮ್ಮೆ ಅರ್ಧ ಕಿಲೋದಷ್ಟು ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಮಾಡಿ, ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡುತ್ತೇನೆ. ನಾಲ್ಕೈದು ದಿನಗಳಲ್ಲೇ ಅದು ಹಸಿರು ಬಣ್ಣಕ್ಕೆ ತಿರುಗುತ್ತದೆ, ಮೇಲೆ ನೀರು ನಿಲ್ಲುತ್ತದೆ, ಒಮ್ಮೊಮ್ಮೆ ಕಹಿಯೂ ಆಗುತ್ತದೆ. ಮೇಲೊಂದು ಪದರ ಎಣ್ಣೆ ಹಾಕಿಟ್ಟರೆ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದು ಪರಿಚಿತರೊಬ್ಬರು ಹೇಳಿದರು. ಇದು ನಿಜವೇ? ಸರಿಯಾದ ಪ್ರಮಾಣ, ಮಾಡುವ ಕ್ರಮ ಮತ್ತು ಇಡುವ ಕ್ರಮವನ್ನು ದಯವಿಟ್ಟು ತಿಳಿಸಿ. ಮಿಕ್ಸಿ ಜಾರಿನ ವಾಸನೆ ಹೋಗಲು ಏನು ಮಾಡಬೇಕು ಎಂಬುದನ್ನೂ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನೀವು ತೊಂದರೆಯೆಂದು ಹೇಳಿಕೊಂಡಿರುವ ಸಂಗತಿಗಳಿಗಿಂತ, ಪರಿಹಾರವೆಂದು ಯಾರೋ ನಿಮಗೆ ಹೇಳಿರುವ ಸಂಗತಿಯೇ ನನಗೆ ಹೆಚ್ಚು ಆತಂಕ ತಂದಿತು. ಪೇಸ್ಟ್ ಹಸಿರಾದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ, ತಿನ್ನಲು ಅಡ್ಡಿಯಿಲ್ಲ. ನೀರು ಬಿಡುವುದೂ ಕಹಿಯಾಗುವುದೂ ಮಾಡುವ ಕ್ರಮದಲ್ಲಿನ ಸಣ್ಣ ಲೋಪಗಳು, ಅವನ್ನು ತಿದ್ದಿಕೊಳ್ಳಬಹುದು. ಎಣ್ಣೆ ಮುಚ್ಚಿ ಹೊರಗಿಡುವ ಮಾತು ಮಾತ್ರ ಹಾಗಲ್ಲ. ಆದ್ದರಿಂದ ಮೊದಲು ಅದನ್ನು ಮುಗಿಸಿ, ಅನಂತರ ರುಬ್ಬುವ ವಿಚಾರಕ್ಕೆ ಬರುತ್ತೇನೆ.

ಎಣ್ಣೆಯ ಪದರವು ಗಾಳಿಯನ್ನು ತಡೆಯುತ್ತದೆ ಎಂಬುದು ನಿಜ. ಗಾಳಿ ಸಿಗದಿದ್ದರೆ ಬೂಷ್ಟು ಹಿಡಿಯುವುದಿಲ್ಲ, ಮೇಲ್ಭಾಗ ಬೇಗ ಕಂದುಬಣ್ಣಕ್ಕೆ ತಿರುಗುವುದಿಲ್ಲ ಎಂಬುದೂ ನಿಜ. ಹೀಗಾಗಿಯೇ ಎಣ್ಣೆ ಹಾಕಿಟ್ಟ ಪೇಸ್ಟ್ ವಾರಗಟ್ಟಲೆ ತಾಜಾ ಆಗಿ ಕಾಣುತ್ತದೆ, ಮತ್ತು ಆ ನೋಟವೇ ನಮ್ಮನ್ನು ಮೋಸಗೊಳಿಸುತ್ತದೆ. ಮಣ್ಣಿನಲ್ಲಿ ಸಹಜವಾಗಿಯೇ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ನೆಲದೊಳಗೆ ಬೆಳೆಯುವ ಶುಂಠಿ, ಬೆಳ್ಳುಳ್ಳಿ ಎರಡರ ಮೇಲೂ ಇರಬಹುದು. ಗಾಳಿ ಇರುವಲ್ಲಿ ಅವು ಸುಮ್ಮನೆ ಮಲಗಿರುತ್ತವೆ. ಗಾಳಿ ಇಲ್ಲದ, ತೇವವಿರುವ, ಹುಳಿ ಕಡಿಮೆಯಿರುವ, ತಂಪಿಲ್ಲದ ಜಾಗ ಸಿಕ್ಕಾಗ ಮೊಳೆತು, ಬೆಳೆದು, ನರಗಳ ಮೇಲೆ ಕೆಲಸ ಮಾಡುವ ವಿಷವನ್ನು ಉತ್ಪತ್ತಿ ಮಾಡುತ್ತವೆ. ಎಣ್ಣೆ ಮುಚ್ಚಿ ಅಡುಗೆಮನೆಯ ಕಪಾಟಿನಲ್ಲಿಟ್ಟ ಬಾಟಲಿಯಲ್ಲಿ ಈ ನಾಲ್ಕೂ ಅನುಕೂಲಗಳು ಒಟ್ಟಿಗೆ ಒದಗುತ್ತವೆ. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಬಣ್ಣವಿಲ್ಲ. ಕೆನಡಾದ ವ್ಯಾಂಕೂವರ್ ನಗರದ ಒಂದು ಹೋಟೆಲಿನಲ್ಲಿ 1985ರಲ್ಲಿ, ಎಣ್ಣೆಯಲ್ಲಿ ಅದ್ದಿಟ್ಟ ಹೆಚ್ಚಿದ ಬೆಳ್ಳುಳ್ಳಿಯ ಬಾಟಲಿಯನ್ನು ಫ್ರಿಜ್‌ನಲ್ಲಿಡದೆ ಬಳಸಿದ್ದರಿಂದ 36 ಮಂದಿ ಈ ವಿಷದಿಂದ ಬರುವ ಬಾಟುಲಿಸಂ ರೋಗಕ್ಕೆ ತುತ್ತಾದರು. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಬೆಳ್ಳುಳ್ಳಿಯಿಂದ ಮತ್ತೆ ಮೂವರು ಆಸ್ಪತ್ರೆ ಸೇರಿದ ಮೇಲೆ, ಎಣ್ಣೆಯಲ್ಲಿಟ್ಟು ಮಾರುವ ಬೆಳ್ಳುಳ್ಳಿಗೆ ಆಮ್ಲವನ್ನೋ ಬೇರೆ ಸಂರಕ್ಷಕವನ್ನೋ ಸೇರಿಸಲೇಬೇಕೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಕಡ್ಡಾಯ ಮಾಡಿತು.

ಇಂಥ ಘಟನೆಗಳು ಅಪರೂಪವೆಂಬುದನ್ನು ನಾನು ಮರೆಮಾಚುವುದಿಲ್ಲ. ಬಹುತೇಕ ಅಡುಗೆಗಳಲ್ಲಿ ಪೇಸ್ಟನ್ನು ಚೆನ್ನಾಗಿ ಬೇಯಿಸಿಯೇ ಬಳಸುತ್ತೇವೆ, ಮತ್ತು ಹತ್ತು ನಿಮಿಷ ಕುದಿಸಿದರೆ ಈ ವಿಷ ನಾಶವಾಗುತ್ತದೆ ಎಂಬುದೂ ಸರಿಯೇ. ಆದರೆ ಬೀಜಕಣಗಳು ಆ ಕುದಿತಕ್ಕೆ ಸಾಯುವುದಿಲ್ಲ. ಅವನ್ನು ಕೊಲ್ಲಲು, ಆಹಾರವನ್ನು ಬಾಟಲಿಗಳಲ್ಲಿ ಮುಚ್ಚಿ ಒತ್ತಡದಲ್ಲಿ ಬೇಯಿಸುವ ಪ್ರೆಶರ್ ಕ್ಯಾನರ್‌ನಲ್ಲಿ ಸಿಗುವ 121 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಅಲ್ಲದೆ ಪೇಸ್ಟನ್ನು ಹಸಿಯಾಗಿಯೇ ಚಟ್ನಿಗೋ ಮೊಸರಿಗೋ ಬೆರೆಸುವವರಿದ್ದಾರೆ, ಬಾಟಲಿಯಿಂದ ಚಮಚ ತೆಗೆದು ನಾಲಿಗೆಗೆ ತಾಗಿಸಿ ನೋಡುವವರೂ ಇದ್ದಾರೆ. ಒಂದು ಬಾಟಲಿ ಪೇಸ್ಟ್ ಉಳಿಸುವುದಕ್ಕಾಗಿ ಈ ಲೆಕ್ಕಾಚಾರಕ್ಕೆ ಇಳಿಯುವುದು ವಿವೇಕವಲ್ಲ.

ಹಾಗಾದರೆ ಅಂಗಡಿಯ ಪೇಸ್ಟ್ ತಿಂಗಳುಗಟ್ಟಲೆ ಇರುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಬರುತ್ತದೆ. ಆ ಪೊಟ್ಟಣದ ಹಿಂದೆ ಮುದ್ರಿಸಿರುವುದನ್ನು ಓದಿ ನೋಡಿ. ಸಾಮಾನ್ಯವಾಗಿ ಉಪ್ಪಿನ ಜೊತೆಗೆ ಸಿಟ್ರಿಕ್ ಆಮ್ಲವೋ ಅಸಿಟಿಕ್ ಆಮ್ಲವೋ ಇದ್ದೇ ಇರುತ್ತದೆ. ಪಿಎಚ್ ಎಂಬುದು ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಅದು 4.6ಕ್ಕಿಂತ ಕೆಳಗಿದ್ದರೆ ಬಾಟುಲಿನಂ ಬೆಳೆಯುವುದಿಲ್ಲ. ಹಸಿ ಬೆಳ್ಳುಳ್ಳಿ ಮತ್ತು ಶುಂಠಿಯ ಪಿಎಚ್ ಇದಕ್ಕಿಂತ ಮೇಲೆ, 5.5ರಿಂದ 6ರ ಆಸುಪಾಸಿನಲ್ಲಿರುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಬಾರಿಯೂ ಉಪಕರಣದಿಂದ ಅಳೆದು ಆಮ್ಲ ಸೇರಿಸುತ್ತಾರೆ. ಮನೆಯಲ್ಲಿ ನಾವು ಹಿಂಡುವ ಅರ್ಧ ನಿಂಬೆಹಣ್ಣು ಅಷ್ಟೂ ಪೇಸ್ಟಿನ ಪಿಎಚ್ ಅನ್ನು ಎಲ್ಲಿಗೆ ತಂದಿತು ಎಂದು ಹೇಳುವವರಿಲ್ಲ. ಉಪ್ಪಿನ ಕಥೆಯೂ ಅಷ್ಟೇ. ಬಾಟುಲಿನಂ ಅನ್ನು ಉಪ್ಪೊಂದರಿಂದಲೇ ತಡೆಯಬೇಕಾದರೆ ನೀರಿನಂಶದಲ್ಲಿ ಉಪ್ಪು ಶೇಕಡಾ 10ರಷ್ಟಿರಬೇಕು. ಅರ್ಧ ಕಿಲೋ ಪೇಸ್ಟಿನಲ್ಲಿ ಸುಮಾರು 350 ಗ್ರಾಂ ನೀರೇ ಇರುವುದರಿಂದ ಅದಕ್ಕೆ 40 ಗ್ರಾಂ ಹತ್ತಿರ, ಅಂದರೆ ಏಳು ಚಹಾ ಚಮಚದಷ್ಟು ಉಪ್ಪು ಬೇಕಾಗುತ್ತದೆ. ಅಂಥ ಪೇಸ್ಟ್ ಹಾಕಿದ ಅಡುಗೆಗೆ ಬೇರೆ ಉಪ್ಪು ಹಾಕುವ ಅವಕಾಶವೇ ಉಳಿಯುವುದಿಲ್ಲ. ನಾವು ರೂಢಿಯಲ್ಲಿ ಹಾಕುವ ಒಂದು ಚಮಚ ಉಪ್ಪು, ಚಿಟಿಕೆ ಅರಿಶಿನ, ಎರಡು ಚಮಚ ಎಣ್ಣೆ ಇವು ರುಚಿಗೂ ಬಣ್ಣಕ್ಕೂ ಮಿಕ್ಸಿ ಸಲೀಸಾಗಿ ತಿರುಗುವುದಕ್ಕೂ ಸಹಾಯಕ. ಅವುಗಳನ್ನು ಸಂರಕ್ಷಕವೆಂದು ನಂಬಬೇಡಿ.

ಈಗ ಹಸಿರು ಬಣ್ಣದ ವಿಷಯ. ಬೆಳ್ಳುಳ್ಳಿಯನ್ನು ಇಡಿಯಾಗಿ ಮೂಗಿಗೆ ಹಿಡಿದರೆ ಘಾಟು ಇರುವುದಿಲ್ಲ, ಜಜ್ಜಿದ ಕ್ಷಣದಲ್ಲೇ ಅಡುಗೆಮನೆಯೆಲ್ಲ ತುಂಬಿಕೊಳ್ಳುತ್ತದೆ. ಜೀವಕೋಶದ ಬೇರೆ ಬೇರೆ ಕೋಣೆಗಳಲ್ಲಿದ್ದ ಆಲಿನ್ ಎಂಬ ಗಂಧಕದ ಸಂಯುಕ್ತವೂ ಆಲಿನೇಸ್ ಎಂಬ ಕಿಣ್ವವೂ ಜಜ್ಜಿದಾಗ ಒಂದನ್ನೊಂದು ಸೇರಿ ಆಲಿಸಿನ್ ಹುಟ್ಟುತ್ತದೆ, ಘಾಟು ಅದರದು. ಆಲಿನ್‌ಗೆ ದಾಯಾದಿಯಂತಿರುವ ಐಸೋಆಲಿನ್ ಎಂಬ ಇನ್ನೊಂದು ಸಂಯುಕ್ತವೂ ಬೆಳ್ಳುಳ್ಳಿಯಲ್ಲಿದೆ. ಅದೇ ಕಿಣ್ವ ಅದರ ಮೇಲೆ ಕೆಲಸ ಮಾಡಿದಾಗ ಹುಟ್ಟುವ ವಸ್ತುಗಳು ಬೆಳ್ಳುಳ್ಳಿಯಲ್ಲೇ ಇರುವ ಅಮೈನೋ ಆಮ್ಲಗಳೊಡನೆ ಕೂಡಿ ಪೈರೋಲ್ ಎಂಬ ಉಂಗುರದ ಆಕಾರದ ಅಣುಗಳಾಗುತ್ತವೆ, ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನೀಲಿ ಮತ್ತು ಹಳದಿ ವರ್ಣದ್ರವ್ಯಗಳಾಗುತ್ತವೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತವೆ. ಎಲೆಯ ಹಸಿರಾದ ಪತ್ರಹರಿತ್ತಿನಲ್ಲಿಯೂ ಪೈರೋಲ್ ಉಂಗುರಗಳೇ ಇರುವುದು. ಇದರಲ್ಲಿ ಬೂಷ್ಟಿನ ಪಾತ್ರವಿಲ್ಲ, ವಿಷವೂ ಇಲ್ಲ. ಬೂಷ್ಟಾದರೆ ಮೇಲ್ಭಾಗದಲ್ಲಿ ತೇಪೆ ತೇಪೆಯಾಗಿ, ನೂಲಿನಂತೆಯೋ ಹತ್ತಿಯಂತೆಯೋ ಎದ್ದಿರುತ್ತದೆ. ರಾಸಾಯನಿಕ ಹಸಿರು ಬಾಟಲಿಯ ತಳದವರೆಗೂ ಒಂದೇ ಸಮನಾಗಿ ಹರಡಿರುತ್ತದೆ. ಚಮಚದಿಂದ ಒಮ್ಮೆ ಬಗೆದು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಈ ಐಸೋಆಲಿನ್ ಹೆಚ್ಚಾಗುವುದು ಬೆಳ್ಳುಳ್ಳಿಯನ್ನು ತಂಪಿನಲ್ಲಿ ಇಟ್ಟಾಗ. ನೀವು ಬೆಳ್ಳುಳ್ಳಿ ಗಡ್ಡೆಗಳನ್ನು ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಇಡುವ ಅಭ್ಯಾಸದವರಾಗಿದ್ದರೆ ನಿಮ್ಮ ಹಸಿರಿನ ಮೂಲ ಬಹುಶಃ ಅಲ್ಲಿದೆ. ಗಡ್ಡೆಗಳನ್ನು ಗಾಳಿಯಾಡುವ ಬುಟ್ಟಿಯಲ್ಲಿ ಹೊರಗೇ ಇಡಿ. ನೀವು ಕೊಳ್ಳುವ ಮೊದಲೇ ಅವು ಶೀತಲ ಗೃಹದಲ್ಲಿದ್ದಿರಬಹುದು, ಅದು ನಮಗೆ ತಿಳಿಯುವುದಿಲ್ಲ. ಎರಡು ಮೂರು ವಾರ ಬೆಚ್ಚಗಿನ ಜಾಗದಲ್ಲಿಟ್ಟು ಬಳಸಿದರೆ ಬಣ್ಣದ ತೊಂದರೆ ಕಡಿಮೆಯಾಗುತ್ತದೆ. ಹುಳಿ ಸೇರಿಸಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಿ ನಿಂಬೆರಸ ಅಥವಾ ವಿನಿಗರ್ ಹಾಕುವವರು ಬಹಳ ಮಂದಿ. ಕಂದುಬಣ್ಣಕ್ಕೆ ಅದು ಮದ್ದು ಹೌದು, ಹಸಿರಿಗೆ ಮಾತ್ರ ಅದು ಕುಮ್ಮಕ್ಕು ಕೊಡುತ್ತದೆ. ಈರುಳ್ಳಿಯಲ್ಲಿ ಐಸೋಆಲಿನ್ ಬೆಳ್ಳುಳ್ಳಿಗಿಂತ ಹೆಚ್ಚಾಗಿರುವುದರಿಂದ, ಈರುಳ್ಳಿಯನ್ನೂ ಸೇರಿಸಿ ರುಬ್ಬಿಟ್ಟ ಪೇಸ್ಟ್ ಇನ್ನೂ ಬೇಗ ಹಸಿರಾಗುತ್ತದೆ. ಶುಂಠಿಯನ್ನು ಕತ್ತರಿಸಿದಾಗಲೇ ಒಳಗೆ ನೀಲಿ ಛಾಯೆಯ ಉಂಗುರ ಕಂಡರೆ ಅದು ಕೆಲವು ತಳಿಗಳ ಗುಣ. ಶುಂಠಿ ಗಟ್ಟಿಯಾಗಿದ್ದು ವಾಸನೆ ಚೆನ್ನಾಗಿದ್ದರೆ ಎಸೆಯಬೇಕಾಗಿಲ್ಲ.

ಪ್ರಮಾಣದ ಬಗ್ಗೆ ಕೇಳಿದ್ದೀರಿ. ಸಿಪ್ಪೆ ತೆಗೆದ ಮೇಲಿನ ತೂಕದಲ್ಲಿ ಎರಡೂ ಸಮಸಮ ಎಂಬುದು ಒಳ್ಳೆಯ ಆರಂಭ: 250 ಗ್ರಾಂ ಶುಂಠಿ, 250 ಗ್ರಾಂ ಬೆಳ್ಳುಳ್ಳಿ. ಬಟ್ಟಲಿನಿಂದ ಅಳೆಯಬೇಡಿ. ಎಸಳುಗಳ ನಡುವೆ ಉಳಿಯುವ ಖಾಲಿ ಜಾಗವೇ ಬೇರೆ, ಶುಂಠಿ ಬಿಲ್ಲೆಗಳ ನಡುವೆ ಉಳಿಯುವ ಜಾಗವೇ ಬೇರೆ. ಒಂದು ಬಟ್ಟಲಿಗೆ ಒಂದು ಬಟ್ಟಲು ಎಂದು ಹಾಕಿದಾಗ ಪ್ರತಿ ಸಲವೂ ರುಚಿ ಒಂದೊಂದು ಥರ ಬರುತ್ತದೆ. ಮಾಂಸದ ಅಡುಗೆ ಹೆಚ್ಚಾಗಿ ಮಾಡುವವರು ಶುಂಠಿಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು, ತರಕಾರಿಗೇ ಬಳಸುವವರು ಬೆಳ್ಳುಳ್ಳಿಯನ್ನು. ನನ್ನ ಮನೆಯಲ್ಲಿ ಬೆಳ್ಳುಳ್ಳಿ ಮೂರು ಪಾಲು, ಶುಂಠಿ ಎರಡು ಪಾಲು. ಶುಂಠಿ ಹೆಚ್ಚಾದರೆ ಮಸಾಲೆಯ ಉಳಿದ ಪರಿಮಳಗಳು ಅದರ ಕೆಳಗೆ ಅಡಗಿಹೋಗುತ್ತವೆ ಎಂಬುದು ನನ್ನ ಅಭಿಪ್ರಾಯ, ಇದರಲ್ಲಿ ಮನೆಯವರೇ ನನ್ನನ್ನು ಒಪ್ಪುವುದಿಲ್ಲ.

ನೀರು ನಿಲ್ಲುವ ಕಾರಣವೂ ಈ ತೂಕದಲ್ಲೇ ಇದೆ. ಹಸಿ ಶುಂಠಿಯಲ್ಲಿ ಸುಮಾರು ಶೇಕಡಾ 80ರಷ್ಟು, ಬೆಳ್ಳುಳ್ಳಿಯಲ್ಲಿ ಸುಮಾರು ಶೇಕಡಾ 60ರಷ್ಟು ನೀರಿರುತ್ತದೆ. ಸಮನಾಗಿ ಸೇರಿಸಿದರೆ ಪೇಸ್ಟಿನ ಮುಕ್ಕಾಲು ಪಾಲಿಗೆ ಸಮೀಪ ನೀರೇ ಆಯಿತು. ಇದರ ಮೇಲೆ ಮಿಕ್ಸಿ ತಿರುಗುವುದಿಲ್ಲವೆಂದು ನಾವು ಸುರಿಯುವ ಕಾಲು ಲೋಟ ನೀರು ಹಿಡಿದಿಟ್ಟುಕೊಳ್ಳುವವರಿಲ್ಲದೆ ಮೇಲೆ ಬಂದು ನಿಲ್ಲುತ್ತದೆ. ತೊಳೆದ ಶುಂಠಿಯನ್ನು ಒರೆಸದೆ, ನೀರಲ್ಲಿ ನೆನೆಸಿ ಸುಲಿದ ಬೆಳ್ಳುಳ್ಳಿಯನ್ನು ಆರಿಸದೆ ಹಾಕಿದರೂ ಇದೇ ಗತಿ. ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ.

ಶುಂಠಿ ಗಟ್ಟಿಯಾಗಿರಬೇಕು, ಸಿಪ್ಪೆ ಬಿಗಿಯಾಗಿ ನಯವಾಗಿರಬೇಕು, ಕವಲನ್ನು ಮುರಿದರೆ ಲಟಕ್ಕನೆ ಮುರಿಯಬೇಕು. ಬಾಗುವ, ಸುಕ್ಕುಗಟ್ಟಿದ ಶುಂಠಿಯಲ್ಲಿ ನೀರು ಕಡಿಮೆ, ನಾರು ಹೆಚ್ಚು. ಕವಲುಗಳನ್ನು ಮುರಿದು ಬೇರ್ಪಡಿಸಿದ ಮೇಲೆಯೇ ತೊಳೆಯಿರಿ, ಏಕೆಂದರೆ ಮಣ್ಣು ಕೂತಿರುವುದು ಆ ಸಂದುಗಳಲ್ಲಿ. ಹರಿಯುವ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಬೇಗ ಬಿಡುತ್ತದೆ. ಚಾಕುವಿನ ಬದಲು ಚಮಚದ ಅಂಚಿನಿಂದ ಹೆರೆದರೆ ಸಿಪ್ಪೆ ಮಾತ್ರ ಹೋಗುತ್ತದೆ, ಸಿಪ್ಪೆಯ ಕೆಳಗಿನ ತಿರುಳು ಉಳಿಯುತ್ತದೆ. ಎಳೆ ಶುಂಠಿಯನ್ನು ಅಂದಂದೇ ಬಳಸುವುದಾದರೆ ಸಿಪ್ಪೆ ತೆಗೆಯದಿದ್ದರೂ ನಡೆಯುತ್ತದೆ. ಇಟ್ಟು ಬಳಸುವ ಪೇಸ್ಟಿಗೆ ಮಾತ್ರ ಸಿಪ್ಪೆ ಪೂರ್ತಿ ತೆಗೆಯಿರಿ. ಬಳಿಕ ಒಣಬಟ್ಟೆಯಲ್ಲಿ ಒರೆಸಿ, ನಾರಿಗೆ ಅಡ್ಡಲಾಗಿ ಎರಡು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಶುಂಠಿಯ ನಾರು ಉದ್ದಕ್ಕೆ ಹರಿದಿರುತ್ತದೆ. ಉದ್ದುದ್ದ ಹೋಳು ಮಾಡಿ ಹಾಕಿದರೆ ಅದೇ ಉದ್ದದ ನಾರು ಜಾರಿನ ಬ್ಲೇಡಿಗೆ ನೂಲಿನ ಉಂಡೆಯಂತೆ ಸುತ್ತಿಕೊಳ್ಳುತ್ತದೆ, ಬ್ಲೇಡು ತಿರುಗಿದರೂ ಪಕ್ಕದ ಹೋಳುಗಳು ಹಾಗೇ ಕೂತಿರುತ್ತವೆ. ಅಡ್ಡಲಾಗಿ ಹೆಚ್ಚಿದ ಬಿಲ್ಲೆಯಲ್ಲಿ ನಾರಿನ ಉದ್ದವೇ ಬಿಲ್ಲೆಯ ದಪ್ಪದಷ್ಟು. ಸುತ್ತಿಕೊಳ್ಳಲು ಅದಕ್ಕೆ ಉದ್ದವೇ ಇಲ್ಲ.

ಬೆಳ್ಳುಳ್ಳಿ ಸುಲಿಯುವುದೇ ಈ ಕೆಲಸದ ಬೇಸರದ ಭಾಗ. ಎಸಳುಗಳನ್ನು ಬಿಡಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿದರೆ ಸಿಪ್ಪೆ ಉಬ್ಬಿ ಸಡಿಲವಾಗುತ್ತದೆ. ಬುಡದ ಗಟ್ಟಿ ತುದಿಯನ್ನು ಕತ್ತರಿಸಿ ಹಿಂದಿನಿಂದ ಒತ್ತಿದರೆ ಎಸಳು ಜಾರಿ ಹೊರಬರುತ್ತದೆ. ಹೀಗೆ ನೆನೆಸಿದ್ದನ್ನು ಬಟ್ಟೆಯ ಮೇಲೆ ಹರಡಿ, ಮೇಲ್ಮೈ ಒಣಗುವವರೆಗೆ ಅರ್ಧ ಗಂಟೆ ಫ್ಯಾನಿನ ಕೆಳಗೆ ಬಿಡಿ. ಸುಲಿದ ಎಸಳಿನ ನಡುವೆ ಹಸಿರು ಮೊಳಕೆ ಕಂಡರೆ ಎಸಳನ್ನು ಉದ್ದಕ್ಕೆ ಸೀಳಿ ಅದನ್ನು ಕಿತ್ತುಹಾಕಿ. ನಿಮ್ಮ ಪೇಸ್ಟಿನ ಕಹಿಗೆ ಇದೂ ಒಂದು ಕಾರಣ. ಮೆತ್ತಗಾದ, ಕಲೆ ಬಿದ್ದ ಎಸಳುಗಳನ್ನು ಮುಲಾಜಿಲ್ಲದೆ ಬಿಟ್ಟುಬಿಡಿ. ಒಮ್ಮೆ ನಾನು ಸಮಾರಂಭವೊಂದಕ್ಕಾಗಿ ಎರಡು ಕಿಲೋ ಬೆಳ್ಳುಳ್ಳಿಯನ್ನು ಒಂದೇ ಕೂತಲ್ಲಿ ಬರಿಗೈಯಿಂದ ಸುಲಿದೆ. ಮರುದಿನ ಬೆಳಿಗ್ಗೆ ಹೆಬ್ಬೆರಳು ಮತ್ತು ತೋರುಬೆರಳ ತುದಿಗಳು ಕೆಂಪಾಗಿ ಊದಿಕೊಂಡು, ಬಿಸಿ ಲೋಟ ಹಿಡಿಯಲಾಗದಂತೆ ಎರಡು ದಿನ ಉರಿದವು. ಬೆಳ್ಳುಳ್ಳಿಯ ರಸ ಚರ್ಮವನ್ನು ನಿಜಕ್ಕೂ ಸುಡುತ್ತದೆ. ಕಾಲು ಕಿಲೋ ದಾಟಿದರೆ ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ರುಬ್ಬುವಾಗ ಮೊದಲು ಶುಂಠಿ, ಅನಂತರ ಬೆಳ್ಳುಳ್ಳಿ. ಶುಂಠಿಯ ಬಿಲ್ಲೆಗಳನ್ನು ಒಂದು ಚಹಾ ಚಮಚ ಉಪ್ಪಿನೊಂದಿಗೆ ಜಾರಿಗೆ ಹಾಕಿ, ಎರಡು ಮೂರು ಸೆಕೆಂಡುಗಳ ತುಂಡು ತುಂಡು ಓಟದಲ್ಲಿ ತರಿತರಿಯಾಗಿಸಿ. ಉಪ್ಪು ರಸವನ್ನು ಹೊರಗೆಳೆಯುತ್ತದೆ, ಆ ರಸವೇ ಬೆಳ್ಳುಳ್ಳಿಯನ್ನು ಅರೆಯಲು ಬೇಕಾದ ನೀರಾಗುತ್ತದೆ. ಈಗ ಬೆಳ್ಳುಳ್ಳಿ ಸೇರಿಸಿ ಮತ್ತೆ ಅದೇ ರೀತಿ ಓಡಿಸಿ, ನಡುನಡುವೆ ಜಾರಿನ ಗೋಡೆಗೆ ಅಂಟಿದ್ದನ್ನು ಸೌಟಿನಿಂದ ಕೆಳಗೆ ದೂಡಿ. ಇಷ್ಟಾದರೂ ಮಿಕ್ಸಿ ಗಾಳಿಯಲ್ಲೇ ತಿರುಗುತ್ತಿದ್ದರೆ ವಾಸನೆಯಿಲ್ಲದ ಎಣ್ಣೆ ಒಂದೆರಡು ಚಮಚ ಹಾಕಿ, ನೀರು ಬೇಡ. ನಿಲ್ಲಿಸದೆ ಎರಡು ಮೂರು ನಿಮಿಷ ಓಡಿಸಿದರೆ ಜಾರು ಬಿಸಿಯಾಗುತ್ತದೆ, ಪೇಸ್ಟ್ ಒಳಗೇ ಬೆಚ್ಚಗಾಗಿ ಪರಿಮಳ ಹಾರಿಹೋಗಿ ಒರಟು ಘಾಟು ಮಾತ್ರ ಉಳಿಯುತ್ತದೆ. ಜಾರಿನ ತಳವನ್ನು ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗೆನಿಸಿದರೆ ಐದು ನಿಮಿಷ ಬಿಡಿ. ಸಾಕೆನಿಸಿದಾಗ ಒಂದು ಚಿಟಿಕೆಯಷ್ಟನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉಜ್ಜಿ: ಮರಳಿನಂತೆ ತರಿ ಸಿಕ್ಕಿದರೆ ಪರವಾಗಿಲ್ಲ, ನೂಲಿನಂತೆ ಎಳೆ ಸಿಕ್ಕಿದರೆ ಇನ್ನೊಂದು ಸುತ್ತು ಬೇಕು. ಮುಚ್ಚಳ ತೆಗೆಯುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಿ, ಆ ಮೊದಲ ಉಸಿರಿನ ಘಾಟು ಕಣ್ಣಲ್ಲಿ ನೀರು ತರಿಸುತ್ತದೆ.

ಇಡುವ ಕ್ರಮಕ್ಕೆ ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ತಿಂಗಳಿಗೆ ಅರ್ಧ ಕಿಲೋ ಎಂದರೆ ದಿನಕ್ಕೆ ಸುಮಾರು 16-17 ಗ್ರಾಂ, ಚಹಾ ಚಮಚದಲ್ಲಿ ಮೂರು. ಎಣ್ಣೆಯಲ್ಲಿಟ್ಟ ಮನೆಯ ಬೆಳ್ಳುಳ್ಳಿಯನ್ನು ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲೋ ಅದಕ್ಕಿಂತ ತಂಪಿನಲ್ಲೋ ಇಟ್ಟು ನಾಲ್ಕು ದಿನದೊಳಗೆ ಬಳಸಿ ಮುಗಿಸಬೇಕೆಂಬುದು ಆಹಾರ ಸುರಕ್ಷತೆಯವರು ಸಾಮಾನ್ಯವಾಗಿ ಕೊಡುವ ಸಲಹೆ. ಎಣ್ಣೆ ಇಲ್ಲದಿದ್ದರೂ ಒತ್ತಿ ತುಂಬಿದ ಪೇಸ್ಟಿನ ಒಳಭಾಗಕ್ಕೆ ಗಾಳಿ ತಲುಪುವುದಿಲ್ಲವಾದ್ದರಿಂದ ನಾನು ಎರಡಕ್ಕೂ ಅದೇ ಲೆಕ್ಕವನ್ನು ಇಟ್ಟುಕೊಂಡಿದ್ದೇನೆ. ಅಂದರೆ ನೀವು ಫ್ರಿಜ್‌ನಲ್ಲಿಡಬೇಕಾದದ್ದು 70 ಗ್ರಾಂ ಮಾತ್ರ. ಉಳಿದ 430 ಗ್ರಾಂ ರುಬ್ಬಿದ ದಿನವೇ ಫ್ರೀಜರಿಗೆ ಹೋಗಬೇಕು. ಫ್ರಿಜ್‌ನ 70 ಗ್ರಾಂಗೆ ಸಣ್ಣ ಗಾಜಿನ ಬಾಟಲಿ ಸಾಕು: ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ್ದು, ಪೇಸ್ಟ್ ಕಂಠದವರೆಗೆ ತುಂಬುವಷ್ಟು ಚಿಕ್ಕದು. ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ, ಬಾಗಿಲು ತೆರೆದಾಗಲೆಲ್ಲ ಬೆಚ್ಚಗಾಗುವ ಜಾಗ ಅದು. ಒಳಗಿನ ತಟ್ಟೆಯಲ್ಲಿ ಹಿಂಬದಿಗೆ ಇಡಿ. ಒದ್ದೆ ಚಮಚ ಅದ್ದಬೇಡಿ. ಗುಳ್ಳೆ ಎದ್ದರೆ, ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಹೊರಬಂದರೆ, ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ ಮೇಲಿನ ಭಾಗ ತೆಗೆದು ಉಳಿದದ್ದನ್ನು ಬಳಸುವ ಜಿಪುಣತನ ಬೇಡ. ಬಾಟಲಿಯ ಸಮೇತ ಎಸೆಯಿರಿ.

ಫ್ರೀಜರಿನಲ್ಲಿಡಲು ಎರಡು ದಾರಿಗಳಿವೆ. ಐಸ್ ಟ್ರೇಯ ಒಂದೊಂದು ಗುಳಿಗೆ ಒಂದು ದೊಡ್ಡ ಚಮಚದಷ್ಟು, ಅಂದಾಜು 15 ಗ್ರಾಂ, ತುಂಬಿ ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಬಿಡಿಸಿ ಚೀಲಕ್ಕೆ ಹಾಕುವುದು ಒಂದು. ನಿಮ್ಮ 430 ಗ್ರಾಂಗೆ ಇಪ್ಪತ್ತೆಂಟು ಬಿಲ್ಲೆಗಳಾಗುತ್ತವೆ, ದಿನಕ್ಕೊಂದು ಎಂದರೂ ತಿಂಗಳು ಸಾಗುತ್ತದೆ. ಆದರೆ ಆ ಟ್ರೇಯಲ್ಲಿ ಇನ್ನೆಂದೂ ಐಸ್ ಮಾಡುವಂತಿಲ್ಲ. ನಾನು ಒಮ್ಮೆ ಮರೆತು ಅದರ ಐಸನ್ನು ಅತಿಥಿಗಳ ನಿಂಬೆ ಪಾನಕಕ್ಕೆ ಹಾಕಿ ಪಟ್ಟ ಮುಜುಗರ ಸಾಕು. ಈಗ ನಾನು ಬಳಸುವುದು ಎರಡನೆಯ ದಾರಿ: ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಪೇಸ್ಟ್ ಹಾಕಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಅಂಗೈಯಿಂದ ತಟ್ಟಿ ಹರಡಿ, ಗಾಳಿ ಹೊರಡಿಸಿ ಮುಚ್ಚಿ, ಚೀಲದ ಮೇಲಿಂದಲೇ ಚಾಕುವಿನ ಬೆನ್ನಿನಿಂದ ಚೌಕ ಚೌಕವಾಗಿ ಗೆರೆ ಒತ್ತಿ ಮಲಗಿಸಿ ಇಡುತ್ತೇನೆ. ಗಟ್ಟಿಯಾದ ಮೇಲೆ ಚಾಕೊಲೇಟ್ ಮುರಿದಂತೆ ಗೆರೆಯಲ್ಲಿ ಮುರಿಯುತ್ತದೆ. ತೆಳ್ಳಗಿರುವುದರಿಂದ ಬೇಗ ಹೆಪ್ಪುಗಟ್ಟುತ್ತದೆ, ಗಾಳಿ ಸೋಕದಿರುವುದರಿಂದ ಕಂದುಬಣ್ಣವೂ ಬರುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಮೂರು ತಿಂಗಳವರೆಗೆ ರುಚಿ ಚೆನ್ನಾಗಿ ಉಳಿಯುತ್ತದೆ. ಫ್ರೀಜರ್ ಬೀಜಕಣಗಳನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಆದ್ದರಿಂದ ಚೀಲವನ್ನು ಪೂರ್ತಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ, ಬೇಕಾದ ತುಂಡನ್ನು ಮಾತ್ರ ಮುರಿದು ನೇರವಾಗಿ ಬಾಣಲೆಗೆ ಹಾಕಿ.

ಬಾಣಲೆಯಲ್ಲೂ ಕಹಿ ಹುಟ್ಟಬಹುದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊಗೆಯಾಡುವ ಎಣ್ಣೆಗೆ ಪೇಸ್ಟ್ ಬಿದ್ದರೆ ಅದರ ನೀರು ಸಿಡಿಯುತ್ತದೆ, ಸಿಡಿತ ನಿಲ್ಲುವಷ್ಟರಲ್ಲಿ ತಳ ಸೀದಿರುತ್ತದೆ. ಬೆಳ್ಳುಳ್ಳಿಯಲ್ಲಿ ಸಕ್ಕರೆಯ ಸರಪಳಿಗಳಾದ ಫ್ರಕ್ಟಾನ್‌ಗಳಿವೆ, ಶುಂಠಿಯಲ್ಲಿ ಪಿಷ್ಟವಿದೆ. ಒಂದು ಬೇಗ ಕಂದುತ್ತದೆ, ಇನ್ನೊಂದು ತಳಕ್ಕೆ ಅಂಟುತ್ತದೆ. ಎಣ್ಣೆ ಹದವಾಗಿ ಕಾದಾಗ ಹಾಕಿ, ಉರಿಯನ್ನು ಮಧ್ಯಮಕ್ಕಿಂತ ತಗ್ಗಿಸಿ ಕೈಯಾಡಿಸುತ್ತಿರಿ. ನೀರಿರುವವರೆಗೆ ಪೇಸ್ಟಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ಚುರುಚುರು ಸದ್ದು ದಪ್ಪವಾಗಿ ಕೇಳುತ್ತದೆ. ನೀರು ಆರಿದಂತೆ ಸದ್ದು ಸಣ್ಣದಾಗುತ್ತದೆ, ಅಂಚಿನಲ್ಲಿ ಎಣ್ಣೆ ಬಿಡತೊಡಗುತ್ತದೆ, ಹಸಿ ವಾಸನೆ ಹೋಗಿ ಬೆಂದ ಪರಿಮಳ ಏಳುತ್ತದೆ. ಶುಂಠಿಯ ಖಾರಕ್ಕೆ ಕಾರಣವಾದ ಜಿಂಜೆರಾಲ್ ಈ ಬಿಸಿಯಲ್ಲಿ ಭಾಗಶಃ ಜಿಂಜೆರೋನ್ ಎಂಬ ಸೌಮ್ಯ, ತುಸು ಸಿಹಿಯಾದ ಸಂಯುಕ್ತವಾಗಿ ಬದಲಾಗುತ್ತದೆ. ಅಷ್ಟರಲ್ಲಿ ಮುಂದಿನ ಪದಾರ್ಥ ಬೀಳಬೇಕು. ಇನ್ನೊಂದು ನಿಮಿಷ ಕಾದರೆ ಕಹಿ. ನೀರು ಸುರಿದು ರುಬ್ಬಿದ ಪೇಸ್ಟ್ ಹುರಿಯಲು ಎರಡರಷ್ಟು ಹೊತ್ತು ಬೇಡುತ್ತದೆ, ಅಷ್ಟು ಹೊತ್ತು ಕಾಯಲಾರದೆ ನಾವು ಉರಿ ಏರಿಸುತ್ತೇವೆ, ಸೀಯುವುದು ಅಲ್ಲಿಯೇ.

ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಜಿಂಜಿಬೇನ್ ಎಂಬ ಕಿಣ್ವವಿದೆ. ಮಾಂಸಕ್ಕೆ ಪೇಸ್ಟ್ ಹಚ್ಚಿ ಒಂದೆರಡು ಗಂಟೆ ಬಿಟ್ಟರೆ ಅದು ಮೆತ್ತಗಾಗುವುದಕ್ಕೂ ಒಂದು ರಾತ್ರಿ ಬಿಟ್ಟರೆ ಮೇಲ್ಪದರ ಹಿಟ್ಟುಹಿಟ್ಟಾಗುವುದಕ್ಕೂ ಇದೇ ಕಾರಣ. ಹಾಲು ಅಥವಾ ಕೆನೆ ಹಾಕುವ ಗ್ರೇವಿಗೆ ಹುರಿಯದ ಪೇಸ್ಟ್ ಬೆರೆಸಿದರೆ ಇದೇ ಕಿಣ್ವ ಹಾಲನ್ನು ಒಡೆಸುತ್ತದೆ. 60 ಡಿಗ್ರಿಯ ಆಸುಪಾಸಿನಲ್ಲಿ ಅದು ಅತ್ಯಂತ ಚುರುಕು, ಚೆನ್ನಾಗಿ ಹುರಿದರೆ ಕೆಲಸ ನಿಲ್ಲಿಸುತ್ತದೆ. ಫ್ರೀಜರಿನಿಂದ ತೆಗೆದ ಪೇಸ್ಟಿನಲ್ಲೂ ಕಿಣ್ವ ಸತ್ತಿರುವುದಿಲ್ಲ ಎಂಬುದನ್ನು ನೆನಪಿಡಿ.

ಇನ್ನು ಜಾರಿನ ವಾಸನೆ. ಸ್ಟೀಲ್ ಜಾರು ವಾಸನೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ವಾಸನೆ ಕೂತಿರುವುದು ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ಟಿನಲ್ಲಿ ಮತ್ತು ಬ್ಲೇಡಿನ ಬುಡಕ್ಕೆ ಸಿಕ್ಕಿಕೊಂಡ ನಾರಿನಲ್ಲಿ. ಜಾರಿಗೆ ಅರ್ಧದಷ್ಟು ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ಸೆಕೆಂಡು ಓಡಿಸಿದರೆ ನಾರು ಬಿಡುತ್ತದೆ. ಗ್ಯಾಸ್ಕೆಟ್ಟನ್ನು ಬಿಚ್ಚಿ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತೊಳೆದು ಬಿಸಿಲಿಗೆ ಇಡಿ. ಇಷ್ಟು ಮಾಡಿದರೂ ಹಳೆಯ ರಬ್ಬರಿನಲ್ಲಿ ಗಂಧಕದ ವಾಸನೆ ತುಸು ಉಳಿದೇ ಇರುತ್ತದೆ, ಆ ಜಾರಿನಲ್ಲಿ ಹಾಲು-ಹಣ್ಣು ತಿರುವಿದ ದಿನ ಅದು ಗೊತ್ತಾಗುತ್ತದೆ. ಅದಕ್ಕಾಗಿ ನಾನು ಎರಡು ಗ್ಯಾಸ್ಕೆಟ್ ಇಟ್ಟುಕೊಂಡಿದ್ದೇನೆ. ಪೇಸ್ಟಿಗೆ ಮೀಸಲಾದುದನ್ನು ಗುರುತಿಸಲು ಅದಕ್ಕೊಂದು ಕೆಂಪು ದಾರ ಕಟ್ಟಿದ್ದೇನೆ, ರುಬ್ಬುವ ಮುನ್ನ ಬಿಚ್ಚಿ ತೊಳೆದ ಮೇಲೆ ಮತ್ತೆ ಕಟ್ಟಿಡುತ್ತೇನೆ.